ಕಣ್ಣ ಚಾಕ್ಕೂ ಒಂದು ಮರ್ಯಾದೆ

ವಾರಾಹಿ ಹೊಳೆಯ ದಂಡೆಯ ಹಟ್ಟಿಯಂಗಡಿಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ನೆಂಟರು ಬಂದರೆ ಮನೆಯವರಿಗೆ ಮೊದಲು ನೆನಪಾಗುವುದು ಹಾಲಿನ ಪಾತ್ರೆ. ಹಾಲಿದ್ದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಅಡುಗೆಮನೆಯ ಬಾಗಿಲಿನಿಂದ ತುಸು ಅಳುಕಿನ ದನಿಯಲ್ಲಿ ಪ್ರಶ್ನೆಯೊಂದು ತೇಲಿ ಬರುತ್ತದೆ: “ಹಾಲಿಲ್ಲೆ, ಕಣ್ಣ್ ಚಾ ಆತ್ತಾ?” ಬಂದವರು ತಿಳಿದವರಾದರೆ “ಅಡ್ಡಿಲ್ಲೆ” ಎನ್ನುತ್ತಾರೆ. ಚಾ ಬರುತ್ತದೆ. ಕುಡಿಯುವವರಿಗೂ ಕೊಟ್ಟವರಿಗೂ ಒಳಗೊಳಗೇ ಏನೋ ಕಡಿಮೆಯಾಯಿತೆಂಬ ಭಾವ ಉಳಿಯುತ್ತದೆ.

ಕುಂದಾಪುರ ಸೀಮೆಯಲ್ಲಿ ಹಾಲು ಹಾಕದ ಚಹಾಕ್ಕೆ ಕಣ್ಣ ಚಾ ಎಂದು ಹೆಸರು. ಅದು ಹಾಲಿಲ್ಲದ ಮನೆಯ ಚಾ, ಜ್ವರ ಬಂದು ಮಲಗಿದವರ ಚಾ, ತಿಂಗಳ ಕೊನೆಯ ಚಾ. ಅದನ್ನು ಬೇಕೆಂದು ಕೇಳಿ ಕುಡಿಯುವವರು ಕಡಿಮೆ. ಚಹಾ ಹುಟ್ಟಿದ ನಾಡಾದ ಚೀನಾದಲ್ಲಾದರೋ ಈ ಲೆಕ್ಕ ಪೂರ್ತಿ ತಿರುವುಮುರುವು. ಮಂಗೋಲರು, ಟಿಬೆಟನ್ನರು ಮುಂತಾದವರ ಪದ್ಧತಿಗಳನ್ನು ಬಿಟ್ಟರೆ ಅಲ್ಲಿ ಚಹಾ ಎಂದರೆ ಹಾಲು, ಸಕ್ಕರೆ ಎರಡೂ ಇಲ್ಲದ್ದು. ನೆಂಟರಿಗೆ ಮನೆಯ ಅತ್ಯುತ್ತಮ ಎಲೆಯನ್ನು ತೆಗೆದು ಕೊಡುವುದೂ ಹಾಗೆಯೇ. ಅದಕ್ಕೆ ಹಾಲು ಬೆರೆಸಿದರೆ ಎಲೆಯ ಗುಣ ಹಾಳಾಯಿತೆಂದು ಅವರು ಬೇಸರಪಟ್ಟಾರು.

ಇಲ್ಲಿ ಕೊರತೆಯೆನಿಸಿದ್ದು ಅಲ್ಲಿ ಗೌರವ ಎನಿಸಿದ್ದು ಹೇಗೆ? ನಮ್ಮ ನಾಲಗೆ ಕೆಟ್ಟಿದೆಯೆಂದಲ್ಲ. ನಮ್ಮ ಅಂಗಡಿಗಳಲ್ಲಿ ಸಿಗುವ ಚಾಹುಡಿ ಹಾಲಿಗೆಂದೇ ತಯಾರಾದದ್ದು. ಅದನ್ನು ಕುದಿಸುವ ಕ್ರಮವೂ ಹಾಲಿಗೆಂದೇ ರೂಢಿಯಾದದ್ದು. ಹುಡಿ ಅದೇ, ಕುದಿಸುವುದೂ ಹಾಗೆಯೇ, ಕೊನೆಯಲ್ಲಿ ಹಾಲನ್ನು ಮಾತ್ರ ಬಿಟ್ಟರೆ ಒಗರಲ್ಲದೆ ಮತ್ತೇನು ಉಳಿದೀತು? ಚೀನಾದ ಕಪ್ಪು ಚಹಾವನ್ನು ಮಾಡುವ, ಕುಡಿಯುವ ಬಗೆಯನ್ನು ತಿಳಿದರೆ ಈ ಒಗಟು ಬಿಡುತ್ತದೆ.

ಒಂದೇ ಎಲೆಗೆ ಎರಡು ಹೆಸರು

ಹೆಸರಿನಲ್ಲೇ ಅಂಗಡಿಯನ್ನು ಉಳಿಸಿಕೊಂಡಿರುವ ಹಟ್ಟಿಯಂಗಡಿ ಇಂದು ಸಿದ್ಧಿವಿನಾಯಕ ದೇವಸ್ಥಾನದಿಂದ ಪ್ರಸಿದ್ಧ. ಲೋಕನಾಥೇಶ್ವರ ದೇವಸ್ಥಾನ, ಜೈನ ಬಸದಿಗಳು ಇದು ಹಳೆಯ ಪಟ್ಟಣವೆಂಬುದಕ್ಕೆ ಸಾಕ್ಷಿ ಹೇಳುತ್ತವೆ. ಇದೇ ಸೀಮೆಯ ಬಸರೂರು ಅಕ್ಕಿಯ ವ್ಯಾಪಾರಕ್ಕೆ ಹೆಸರಾದ ಬಂದರು. 1569ರಲ್ಲಿ ಪೋರ್ಚುಗೀಸರು ಅಲ್ಲಿ ಕೋಟೆ ಹಿಡಿದು ಕುಳಿತರು. ಅದಕ್ಕೆ ಹನ್ನೆರಡು ವರ್ಷ ಮೊದಲು, 1557ರಲ್ಲಿ, ಅದೇ ಪೋರ್ಚುಗೀಸರು ದಕ್ಷಿಣ ಚೀನಾದ ಮಕಾವ್‌ನಲ್ಲಿ ನೆಲೆಯೂರಿದ್ದರು. ಆ ಕಾಲದಲ್ಲಿ ಬಸರೂರಿನ ಹಡಗುಗಳಿಗೆ ಬೇಕಾಗಿದ್ದುದು ಅಕ್ಕಿ ಮತ್ತು ಮೆಣಸು, ಚಹಾ ಅಲ್ಲ. ಆದರೆ ಮಕಾವ್‌ನ ಸುತ್ತಿನ ಕ್ಯಾಂಟನ್ ಮಾತಿನಲ್ಲಿ ಈ ಎಲೆಗಿದ್ದ ‘ಚಾ’ ಎಂಬ ಹೆಸರನ್ನು ಪೋರ್ಚುಗೀಸರು ಹಾಗೆಯೇ ಎತ್ತಿಕೊಂಡರು.

ಪರ್ಷಿಯಾದ ಕಡೆಯಿಂದ ಭೂಮಾರ್ಗವಾಗಿ ಹರಡಿದ್ದೂ ಇದೇ ಬಳಗದ ‘ಚಾಯ್’. ಕರಾವಳಿಯ ಚಾ, ಉತ್ತರ ಕರ್ನಾಟಕದ ಚಹಾ, ಮರಾಠಿ, ಕೊಂಕಣಿ, ತುಳು, ಮಲಯಾಳಗಳಲ್ಲಿರುವ ಮಾತುಗಳು ಈ ಬಳಗಕ್ಕೆ ಸೇರಿದವು. ಬೆಂಗಳೂರು, ಮೈಸೂರುಗಳ ‘ಟೀ’ ಮಾತ್ರ ಬೇರೆ ದಾರಿಯದು. ಚೀನಾದ ಫೂಜಿಯಾನ್ ಪ್ರಾಂತದ ಕರಾವಳಿಯವರು ಅದೇ ಎಲೆಯನ್ನು ‘ತೆ’ ಎನ್ನುತ್ತಿದ್ದರು. ಅವರೊಡನೆ ವ್ಯಾಪಾರ ಮಾಡಿದ ಡಚ್ಚರು ಆ ಹೆಸರನ್ನು ಯುರೋಪಿಗೆ ಒಯ್ದರು, ಇಂಗ್ಲಿಷರ ಮೂಲಕ ಅದು ನಮಗೆ ಬಂತು. ಹೀಗೆ ಚೀನಾದ ಎರಡು ಕರಾವಳಿಗಳ ಎರಡು ಮಾತುಗಳೂ ಕರ್ನಾಟಕದಲ್ಲಿ ಇಂದು ಅಕ್ಕಪಕ್ಕದಲ್ಲಿ ಬದುಕಿವೆ.

ಕಪ್ಪೋ, ಕೆಂಪೋ?

ನಾವು ಕಪ್ಪು ಚಹಾ ಎನ್ನುವುದನ್ನು ಚೀನೀಯರು ‘ಹೊಂಗ್ ಚಾ’ ಎನ್ನುತ್ತಾರೆ. ಹೊಂಗ್ ಎಂದರೆ ಕೆಂಪು. ಇಂಗ್ಲಿಷರು ಒಣಗಿದ ಎಲೆಯ ಬಣ್ಣ ನೋಡಿ ಕಪ್ಪು ಎಂದರು, ಚೀನೀಯರು ಬಟ್ಟಲಿನಲ್ಲಿಳಿದ ರಸದ ಬಣ್ಣ ನೋಡಿ ಕೆಂಪು ಎಂದರು. ಚೀನೀಯರು ನಿಜವಾಗಿ ‘ಕಪ್ಪು ಚಹಾ’ ಎಂದು ಕರೆಯುವುದು ಬೇರೆಯೇ ಒಂದು ಬಗೆಯನ್ನು: ತಯಾರಾದ ಮೇಲೆ ಸೂಕ್ಷ್ಮಜೀವಿಗಳ ನೆರವಿನಿಂದ ಹುದುಗು ಬರಿಸಿ ಮಾಗಿಸಿದ ಚಹಾವನ್ನು.

ಹಸಿರು ಚಹಾ, ಕಪ್ಪು ಚಹಾ ಬೇರೆ ಬೇರೆ ಗಿಡಗಳಿಂದ ಬರುತ್ತವೆಂದು ಬಹುಕಾಲ ಯುರೋಪಿನ ಪಂಡಿತರೂ ನಂಬಿದ್ದರು. ಸಸ್ಯಗಳಿಗೆ ಶಾಸ್ತ್ರೀಯ ಹೆಸರಿಟ್ಟ ಲಿನೇಯಸನೇ 1762ರಲ್ಲಿ ಇವನ್ನು ಎರಡು ಜಾತಿಗಳೆಂದು ಬರೆದ. 1840ರ ದಶಕದಲ್ಲಿ ಚೀನಾದ ತೋಟಗಳನ್ನು ಸುತ್ತಿದ ರಾಬರ್ಟ್ ಫಾರ್ಚೂನ್ ಎಂಬ ಸ್ಕಾಟ್ಲೆಂಡಿನ ಸಸ್ಯಸಂಗ್ರಾಹಕ ಎರಡೂ ಒಂದೇ ಗಿಡದವೆಂದು ಕಣ್ಣಾರೆ ಕಂಡು ಸಾರಿದ. ವ್ಯತ್ಯಾಸವಿರುವುದು ಕೊಯ್ದ ಮೇಲಿನ ಕೆಲಸದಲ್ಲಿ.

ಆ ಕೆಲಸವನ್ನು ತಿಳಿಯಲು ಕಾರ್ಖಾನೆಗೆ ಹೋಗಬೇಕಿಲ್ಲ. ಬದನೆಕಾಯಿಯನ್ನೋ ಬಾಳೆಕಾಯಿಯನ್ನೋ ಹೆಚ್ಚಿ ನೀರಿಗೆ ಹಾಕದೆ ಹಾಗೇ ಬಿಟ್ಟರೆ ಕ್ಷಣದಲ್ಲಿ ಕಪ್ಪಾಗುವುದನ್ನು ಎಲ್ಲ ಮನೆಗಳಲ್ಲೂ ಕಾಣಬಹುದು. ಕತ್ತಿಯ ಏಟಿಗೆ ಜೀವಕೋಶಗಳು ಒಡೆದು, ಒಳಗಿನ ರಸ ಅಲ್ಲಿನ ಕಿಣ್ವಗಳೊಡನೆ ಬೆರೆತು ಗಾಳಿಯ ಆಮ್ಲಜನಕವನ್ನು ಹೀರುತ್ತದೆ. ಕಪ್ಪು ಚಹಾದಲ್ಲಿ ನಡೆಯುವುದೂ ಇದೇ. ಎಳೆಯ ಚಿಗುರನ್ನು ಮೊದಲು ಬಾಡಿಸುತ್ತಾರೆ; ಬಳಿಕ ಹೊಸೆದು ಕೋಶಗಳನ್ನು ಒಡೆಯುತ್ತಾರೆ; ಗಾಳಿಗೆ ಹರವಿ ಬಣ್ಣ ತಿರುಗುವವರೆಗೆ ಕಾಯುತ್ತಾರೆ; ಕೊನೆಗೆ ಬಿಸಿಯಲ್ಲಿ ಒಣಗಿಸಿ ನಿಲ್ಲಿಸುತ್ತಾರೆ. ಹಸಿರು ಚಹಾಕ್ಕೆ ಮೊದಲೇ ಶಾಖ ಕೊಟ್ಟು ಕಿಣ್ವವನ್ನು ಕೊಂದುಬಿಡುವುದರಿಂದ ಅದು ಹಸಿರಾಗಿಯೇ ಉಳಿಯುತ್ತದೆ. ಹೊಸೆದ ಎಲೆಯಲ್ಲಿನ ಒಗರಿನ ಅಂಶಗಳು ಗಾಳಿಯಲ್ಲಿ ಕೂಡಿಕೊಂಡು ಥಿಯಾಫ್ಲೇವಿನ್, ಥಿಯಾರುಬಿಜಿನ್ ಎಂಬ ಹೊಸ ವಸ್ತುಗಳಾಗುತ್ತವೆ. ಮೊದಲನೆಯದು ಹೊಂಬಣ್ಣ ಮತ್ತು ಚುರುಕು ಕೊಡುತ್ತದೆ, ಎರಡನೆಯದು ಕೆಂಪು ಮತ್ತು ದಪ್ಪ ರುಚಿ ಕೊಡುತ್ತದೆ.

ಮೂರು ಬೆಟ್ಟಗಳ ಮೂರು ರುಚಿ

ಕಪ್ಪು ಚಹಾದ ತವರು ಫೂಜಿಯಾನ್ ಪ್ರಾಂತದ ವೂಯಿ ಬೆಟ್ಟಗಳಲ್ಲಿರುವ ತೋಂಗ್‌ಮು ಹಳ್ಳಿ ಎನ್ನುತ್ತಾರೆ. ಅಲ್ಲಿನ ಚಹಾ ಲ್ಯಾಪ್‌ಸಾಂಗ್ ಸೂಚಾಂಗ್. ಹಳ್ಳಿಯಲ್ಲಿ ಸೈನ್ಯವೊಂದು ಬೀಡುಬಿಟ್ಟು ಎಲೆ ಸಂಸ್ಕರಿಸುವುದು ತಡವಾಯಿತು, ಬಣ್ಣಗೆಟ್ಟ ಎಲೆಯನ್ನು ಪೈನ್ ಮರದ ಬೆಂಕಿಯಲ್ಲಿ ಅವಸರದಿಂದ ಒಣಗಿಸಿದರು, ಅದೇ ಪರದೇಶಿಗಳಿಗೆ ಹಿಡಿಸಿತು ಎಂಬುದು ಅಲ್ಲಿನ ದಂತಕಥೆ. ಕಥೆ ಹೇಗೇ ಇರಲಿ, ಪೈನ್ ಹೊಗೆಯ ವಾಸನೆ ಮಾತ್ರ ನಿಜ. ಕರಾವಳಿಯ ಹಳೆಯ ಮನೆಗಳಲ್ಲಿ ಒಲೆಯ ಮೇಲಿನ ಹೊಗೆ ಹಿಡಿದ ಅಟ್ಟವನ್ನು ಬಲ್ಲವರಿಗೆ ಅದು ತೀರ ಅಪರಿಚಿತ ಎನಿಸದು. ಹೊಗೆ ಹಾಕದೆಯೂ ಈಗ ಅದೇ ಹಳ್ಳಿಯಲ್ಲಿ ಚಹಾ ಮಾಡುತ್ತಾರೆ. ಬರಿಯ ಮೊಗ್ಗುಗಳಿಂದಲೇ ತಯಾರಾಗುವ ‘ಜಿನ್ ಜುನ್ ಮೇ’ 2005ರಲ್ಲಿ ಅಲ್ಲಿಯೇ ಹುಟ್ಟಿ, ಚೀನಾದ ಅತಿ ದುಬಾರಿ ಚಹಾಗಳ ಸಾಲಿಗೆ ಸೇರಿತು.

ಎರಡನೆಯದು ಆನ್‌ಹುಯಿ ಪ್ರಾಂತದ ಕೀಮನ್. ಸುಮಾರು 1875ರವರೆಗೆ ಆ ಜಿಲ್ಲೆಯವರು ಹಸಿರು ಚಹಾವನ್ನಷ್ಟೇ ಮಾಡುತ್ತಿದ್ದರು. ಫೂಜಿಯಾನಿನಲ್ಲಿ ಅಧಿಕಾರಿಯಾಗಿದ್ದ ಒಬ್ಬರು ಅಲ್ಲಿಂದ ಕಪ್ಪು ಚಹಾದ ವಿದ್ಯೆಯನ್ನು ತಂದರೆಂದು ಹೇಳಲಾಗುತ್ತದೆ. ಸಣ್ಣ, ನೀಳ, ಕಪ್ಪು ಎಲೆ. ರಸದಲ್ಲಿ ಗುಲಾಬಿಯ ನೆರಳು, ಒಣದ್ರಾಕ್ಷಿಯ ಸಿಹಿ. ಮೂರನೆಯದು ನೈಋತ್ಯದ ಯುನ್ನಾನ್ ಪ್ರಾಂತದ ದಿಯೆನ್‌ಹೊಂಗ್. ಇದು ಯುದ್ಧದ ಕೂಸು. 1930ರ ದಶಕದ ಕೊನೆಯಲ್ಲಿ ಜಪಾನಿನ ದಾಳಿಯಿಂದ ಪೂರ್ವದ ಚಹಾ ಸೀಮೆಗಳು ಕೈತಪ್ಪುವ ಸ್ಥಿತಿ ಬಂದಾಗ, ರಫ್ತಿಗೆಂದು 1938–39ರಲ್ಲಿ ಯುನ್ನಾನಿನಲ್ಲಿ ಇದನ್ನು ಆರಂಭಿಸಿದರು. ಅಲ್ಲಿನ ದೊಡ್ಡೆಲೆಯ ಗಿಡ ನಮ್ಮ ಅಸ್ಸಾಮಿನ ಗಿಡದ ಬಳಗದ್ದೇ. ಹಾಗಾಗಿ ಭಾರತೀಯರ ನಾಲಗೆಗೆ ಚೀನಾದ ಕಪ್ಪು ಚಹಾಗಳ ಪೈಕಿ ಇದು ಬೇಗ ಒಗ್ಗುತ್ತದೆ: ಜೇನಿನಂಥ ಸಿಹಿ, ಹಿಂದಿನಿಂದ ತುಸು ಕಾಳುಮೆಣಸಿನ ನೆನಪು. ಚೀನಾದ ಚಹಾ ತಯಾರಿಕೆಯ ಪರಂಪರಾಗತ ವಿದ್ಯೆಗಳನ್ನು 2022ರಲ್ಲಿ ಯುನೆಸ್ಕೊ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಗಿಡ ಬಂತು, ಕ್ರಮ ಬರಲಿಲ್ಲ

ಹದಿನೆಂಟನೆಯ ಶತಮಾನದಲ್ಲಿ ಇಂಗ್ಲಿಷರು ಕುಡಿದ ಚಹಾವೆಲ್ಲ ಚೀನಾದ್ದೇ. 1773ರಲ್ಲಿ ಅಮೆರಿಕದ ಬಾಸ್ಟನ್ ಬಂದರಿನಲ್ಲಿ ಸಮುದ್ರಕ್ಕೆ ಸುರಿದ, ಒಂದು ದೇಶದ ಸ್ವಾತಂತ್ರ್ಯಕ್ಕೆ ಕಿಡಿಯಾದ ಆ ಪ್ರಸಿದ್ಧ ಪೆಟ್ಟಿಗೆಗಳಲ್ಲಿದ್ದುದು ಬಹುಪಾಲು ‘ಬೊಹೀ’, ಅಂದರೆ ವೂಯಿ ಬೆಟ್ಟದ ಹೆಸರು ಹೊತ್ತ ಕಪ್ಪು ಚಹಾ. ಇದಕ್ಕೆ ತೆರಬೇಕಾದ ಬೆಳ್ಳಿಯನ್ನು ಉಳಿಸಲು ಇಂಗ್ಲಿಷರು ಭಾರತದಲ್ಲಿ ಬೆಳೆದ ಅಫೀಮನ್ನು ಚೀನಾಕ್ಕೆ ನುಗ್ಗಿಸಿದರು. ಅದು 1839ರಿಂದ 1842ರವರೆಗೆ ನಡೆದ ಯುದ್ಧದಲ್ಲಿ ಮುಗಿಯಿತು. ಈಸ್ಟ್ ಇಂಡಿಯಾ ಕಂಪನಿಯ ಚೀನಾ ವ್ಯಾಪಾರದ ಏಕಸ್ವಾಮ್ಯ 1833ರ ಕಾಯಿದೆಯಿಂದ ಹೋದ ಮೇಲೆ ಭಾರತದಲ್ಲೇ ಚಹಾ ಬೆಳೆಯುವ ಆತುರ ಹೆಚ್ಚಿತು. ಅಸ್ಸಾಮಿನಲ್ಲಿ ಕಾಡುಗಿಡ ಇರುವುದು 1823ರಲ್ಲೇ ರಾಬರ್ಟ್ ಬ್ರೂಸನಿಗೆ ತಿಳಿದಿತ್ತು. 1839ರ ಜನವರಿಯಲ್ಲಿ ಅಸ್ಸಾಮಿನ 8 ಪೆಟ್ಟಿಗೆ ಚಹಾ ಲಂಡನ್ನಿನಲ್ಲಿ ಹರಾಜಾಯಿತು.

ಕನ್ನಡ ನಾಡಿನ ಅಂಚಿಗೂ ಈ ಕಥೆಯ ಒಂದು ಎಳೆ ಚಾಚಿದೆ. ಚೀನಾದಿಂದ ತಂದ ಬೀಜದಿಂದ ಕಲ್ಕತ್ತೆಯಲ್ಲಿ ಎಬ್ಬಿಸಿದ ಸಸಿಗಳಲ್ಲಿ ಸುಮಾರು 2 ಸಾವಿರವನ್ನು 1835ರಲ್ಲಿ ದಕ್ಷಿಣಕ್ಕೆ ಕಳುಹಿಸಲಾಯಿತು. ಕೆಲವು ನೀಲಗಿರಿಯ ಕೇತಿಯ ಪ್ರಾಯೋಗಿಕ ತೋಟದಲ್ಲಿ ಬೇರುಬಿಟ್ಟವು. ಕರ್ನಾಟಕದಲ್ಲಿ ಘಟ್ಟದ ಮೇಲಿನ ಚಿಕ್ಕಮಗಳೂರು, ಕೊಡಗುಗಳಲ್ಲಿ ಚಹಾ ತೋಟಗಳಿವೆ, ಕೆಳಗೂರಿನ ಚಹಾ ಮಲೆನಾಡಿನಲ್ಲಿ ಮನೆಮಾತು. ಆದರೂ ಕಾಫಿಯ ಮುಂದೆ ಅದರ ಪಾಲು ಬಹಳ ಸಣ್ಣದು.

ಗಿಡ ಬಂದಷ್ಟು ಸುಲಭವಾಗಿ ಕುಡಿಯುವ ಅಭ್ಯಾಸ ಬರಲಿಲ್ಲ. ಕರಾವಳಿಯ ಮನೆಗಳಲ್ಲಿ ಬಿಸಿಲಿನಿಂದ ಬಂದವರಿಗೆ ಆಸ್ರಿಗೆ ಬೆಲ್ಲ ಮತ್ತು ನೀರು, ಶೀತ ನೆಗಡಿಗೆ ಕೊತ್ತಂಬರಿ, ಜೀರಿಗೆ, ಕಾಳುಮೆಣಸಿನ ಕಷಾಯ ಸಾಕಾಗಿತ್ತು. ಭಾರತೀಯರಿಗೆ ಚಹಾ ಕುಡಿಸಲು ಚಹಾ ಕಂಪನಿಗಳು ತೆರಿಗೆ ಹಣದಲ್ಲಿ ದೊಡ್ಡ ಪ್ರಚಾರವನ್ನೇ ಕೈಗೊಂಡವು. 1903ರಲ್ಲಿ ಸೆಸ್ ಸಮಿತಿ ಏರ್ಪಟ್ಟಿತು, 1930ರ ದಶಕದಲ್ಲಿ ಪ್ರಚಾರ ಬಿರುಸಾಯಿತು. ರೈಲು ನಿಲ್ದಾಣಗಳಲ್ಲಿ, ಸಂತೆಗಳಲ್ಲಿ, ಕಾರ್ಖಾನೆಗಳ ಬಾಗಿಲಲ್ಲಿ ಉಚಿತ ಬಟ್ಟಲುಗಳು. ಗೋಡೆಗಳ ಮೇಲೆ ಚಹಾ ಮಾಡುವ ಕ್ರಮವನ್ನು ಚಿತ್ರಸಹಿತ ತೋರಿಸುವ ಎನಾಮಲ್ ಫಲಕಗಳು. ಆ ಫಲಕಗಳು ಕಲಿಸಿದ್ದು ನೀರು ಕುದಿಸಿ, ಕುಡಿಕೆಯಲ್ಲಿ ಎಲೆ ಹಾಕಿ, ಮುಚ್ಚಿಟ್ಟು, ಬಸಿದು ಕುಡಿಯುವ ಕ್ರಮವನ್ನು. ಜನ ಅದನ್ನು ಕೇಳಲಿಲ್ಲ. ಅವರಿಗೆ ಗೊತ್ತಿದ್ದುದು ಕಷಾಯ. ಎಲೆಯನ್ನೂ ಹಾಲನ್ನೂ ಸಕ್ಕರೆಯನ್ನೂ ಒಂದೇ ಪಾತ್ರೆಯಲ್ಲಿ ಕುದಿಸಿದರು, ಶುಂಠಿ, ಏಲಕ್ಕಿಯನ್ನೂ ಸೇರಿಸಿದರು. ಮಸಾಲೆ ಹಾಕಿದರೆ ಎಲೆಯ ಖರ್ಚು ಕಡಿಮೆಯಾಗುತ್ತದೆಂದು ಪ್ರಚಾರಕರು ಆಕ್ಷೇಪಿಸಿದರೂ ಗೆದ್ದದ್ದು ಅಂಗಡಿಯವನ ಒಲೆ. ಕುಂದಾಪುರ ಕಡೆಯಿಂದ ಬೊಂಬಾಯಿ, ಬೆಂಗಳೂರುಗಳ ಹೋಟೆಲುಗಳಲ್ಲಿ ದುಡಿಯಲು ಹೋದ ಎಳೆಯ ಹುಡುಗರು ಕಲಿತದ್ದೂ ಇದೇ ಕ್ರಮವನ್ನು.

ಈ ಒಲೆಗೆ ತಕ್ಕ ಎಲೆಯೂ ಆಗಲೇ ಸಿದ್ಧವಾಗಿತ್ತು. 1930ರ ದಶಕದ ಆರಂಭದಲ್ಲಿ ಅಸ್ಸಾಮಿನ ಅಮ್‌ಗೂರಿ ತೋಟದಲ್ಲಿ ವಿಲಿಯಂ ಮೆಕರ್ಚರ್ ಎಂಬವರು ರೂಪಿಸಿದ ಯಂತ್ರವೊಂದು ಎಲೆಯನ್ನು ಹಲ್ಲಿನ ಉರುಳೆಗಳ ನಡುವೆ ಜಜ್ಜಿ, ಹರಿದು, ಉಂಡೆಗಟ್ಟಿಸುತ್ತಿತ್ತು. ಅದೇ ಇಂದಿನ ಸಿ.ಟಿ.ಸಿ. ಚಹಾ. ಭಾರತ ವರ್ಷಕ್ಕೆ ತಯಾರಿಸುವ ಸುಮಾರು 130 ಕೋಟಿ ಕಿಲೊ ಚಹಾದಲ್ಲಿ ಬಹುಪಾಲು ಈ ಬಗೆಯದು. ಸಣ್ಣ ಕಾಳಾದ್ದರಿಂದ ಅದು ಬೇಗ ಬಣ್ಣ ಬಿಡುತ್ತದೆ, ಹೆಚ್ಚು ಬಟ್ಟಲು ಕೊಡುತ್ತದೆ, ಹಾಲು ಸಕ್ಕರೆಗಳ ಎದುರು ಬಗ್ಗದೆ ನಿಲ್ಲುತ್ತದೆ. ಬಡವನ ಕೈಗೆ ಚಹಾ ಎಟುಕಿದ್ದು ಇದರಿಂದಲೇ.

ಒಗರಿನ ಲೆಕ್ಕ

ಹಾಲು ಮಾಡುವ ಕೆಲಸವಾದರೂ ಏನು? ಗೇರುಹಣ್ಣು ಕಚ್ಚಿದಾಗ ನಾಲಗೆ ಜುಮ್ಮೆಂದು ಒಣಗಿ ಹಿಡಿದಂತಾಗುವುದು ಕರಾವಳಿಯ ಮಕ್ಕಳಿಗೆಲ್ಲ ಗೊತ್ತು. ಹಣ್ಣಿನಲ್ಲಿರುವ ಟ್ಯಾನಿನ್ ಎಂಬ ಅಂಶ ಜೊಲ್ಲಿನಲ್ಲಿರುವ ಪ್ರೋಟೀನನ್ನು ಹಿಡಿದು ಗಡ್ಡೆಗಟ್ಟಿಸುತ್ತದೆ. ಬಾಯಿಯ ಜಾರುಗುಣ ತಪ್ಪಿ ಒಗರು ಅನುಭವಕ್ಕೆ ಬರುತ್ತದೆ. ಚಹಾದ ಒಗರೂ ಇದೇ ಜಾತಿಯದು. ಹಾಲು ಬೆರೆತಾಗ ಅದರಲ್ಲಿನ ಕೇಸೀನ್ ಎಂಬ ಪ್ರೋಟೀನು ನಾಲಗೆಗಿಂತ ಮೊದಲೇ ಆ ಅಂಶಗಳನ್ನು ಹಿಡಿದುಕೊಳ್ಳುತ್ತದೆ, ಒಗರು ತಗ್ಗುತ್ತದೆ. ಖಡಕ್ ಚಹಾಕ್ಕೆ ಹಾಲು ಬೇಕೇಬೇಕೆನಿಸುವುದು ಈ ಕಾರಣದಿಂದ. ಹೀಗಾಗಿ ಹಾಲಿನ ಚಹಾವನ್ನು ಕೀಳೆಂದು ನಗುವವರದ್ದು ತಿಳಿಗೇಡಿತನ. ಅದು ತನ್ನ ಎಲೆಗೆ ತಕ್ಕ ಪಾಕ.

ಚೀನಾದ ಇಡಿ ಎಲೆಯ ಕಪ್ಪು ಚಹಾ ಹಾಗಲ್ಲ. ಎಲೆ ಚೂರಾಗದೆ ಇರುವುದರಿಂದ ರಸ ನಿಧಾನವಾಗಿ ಬಿಡುತ್ತದೆ. ಮೊದಲ ನಿಮಿಷಗಳಲ್ಲಿ ಪರಿಮಳ, ಸಿಹಿ, ಕೆಫೀನು ಇಳಿಯುತ್ತವೆ. ಹೊತ್ತು ಹೆಚ್ಚಿದಂತೆ ಒಗರು ಮುಂದಾಗುತ್ತದೆ. ಒಲೆಯ ಮೇಲೆ ಕುದಿಸಿದರೆ ಸೂಕ್ಷ್ಮ ಪರಿಮಳಗಳು ಹಬೆಯೊಡನೆ ಮಾಡಿಗೆ ಹಾರಿಹೋಗಿ ಒಗರೊಂದೇ ಪಾತ್ರೆಯಲ್ಲಿ ಉಳಿಯುತ್ತದೆ. ದುಬಾರಿ ಎಲೆಯನ್ನು ಕುದಿಸಿ, ಹಾಲು ಸುರಿದು, “ಇದರಲ್ಲೇನಿದೆ?” ಎಂದು ಮೂಗು ಮುರಿಯುವುದರಲ್ಲಿ ಅರ್ಥವಿಲ್ಲ.

ನೀರು, ಶಾಖ, ಸಮಯ

ಎಂಟನೆಯ ಶತಮಾನದಲ್ಲಿ ‘ಚಾ ಜಿಂಗ್’ ಎಂಬ ಚಹಾಶಾಸ್ತ್ರ ಬರೆದ ಲೂ ಯೂ, ನೀರಿನಲ್ಲಿ ಬೆಟ್ಟದ್ದು ಉತ್ತಮ, ಹೊಳೆಯದ್ದು ಮಧ್ಯಮ, ಬಾವಿಯದ್ದು ಕೊನೆಯದು ಎಂದ. ಕುದಿಯುವ ನೀರಿನ ಗುಳ್ಳೆಗಳನ್ನು ಮೀನಿನ ಕಣ್ಣು, ಮುತ್ತಿನ ಸರ, ಉಕ್ಕುವ ಅಲೆ ಎಂದು ಮೂರು ಹಂತಗಳಲ್ಲಿ ಗುರುತಿಸಿದ. ಈರುಳ್ಳಿ, ಶುಂಠಿ, ಕಿತ್ತಳೆ ಸಿಪ್ಪೆ ಹಾಕಿ ಕುದಿಸುವವರನ್ನು ಬೈದನಾದರೂ ಚಿಟಿಕೆ ಉಪ್ಪನ್ನು ಮಾತ್ರ ತಾನೂ ಹಾಕುತ್ತಿದ್ದ. ಇಂದಿನ ಕಪ್ಪು ಚಹಾ ಆಗ ಇನ್ನೂ ಹುಟ್ಟಿರಲಿಲ್ಲ. ಆದರೂ ನೀರಿನ ವಿಷಯದಲ್ಲಿ ಆತನ ಎಚ್ಚರಿಕೆ ಈಗಲೂ ಸಲ್ಲುತ್ತದೆ. ಕರಾವಳಿಯ ಜಂಬಿಟ್ಟಿಗೆ ನೆಲದ ಬಾವಿನೀರು ಸಾಮಾನ್ಯವಾಗಿ ಮೆದು, ಚಹಾಕ್ಕೆ ಒಳ್ಳೆಯದು. ಹೊಳೆಯ ಕೆಳಪಾತ್ರದ ಊರುಗಳಲ್ಲಿ ಬೇಸಿಗೆಗೆ ಉಪ್ಪುನೀರು ಏರಿ ಬಾವಿ ಸಪ್ಪೆಗೆಟ್ಟಾಗ ಎಂಥ ಎಲೆಯೂ ಸೋಲುತ್ತದೆ.

ಚೀನೀಯರ ‘ಗೊಂಗ್‌ಫೂ’ ಕ್ರಮಕ್ಕೆ ಬೇಕಾದದ್ದು ಮುಚ್ಚಳವಿರುವ ಸಣ್ಣ ಪಿಂಗಾಣಿ ಬಟ್ಟಲು. ಅದನ್ನು ಗಾಯ್‌ವಾನ್ ಎನ್ನುತ್ತಾರೆ. ನೂರು ಮಿಲಿಲೀಟರಿನಷ್ಟು ನೀರಿಗೆ 4–5 ಗ್ರಾಂ ಎಲೆ, ಅಂದರೆ ನಮ್ಮ ಲೆಕ್ಕಕ್ಕೆ ತೀರ ಹೆಚ್ಚು. ಆದರೆ ಎಲೆ ನೀರಿನಲ್ಲಿರುವುದು 10–15 ಸೆಕೆಂಡು ಮಾತ್ರ. ಬಸಿದು ಕುಡಿದು ಮತ್ತೆ ಬಿಸಿನೀರು, ಮತ್ತೆ ಬಸಿಯುವುದು. ಒಂದೇ ಎಲೆಯಿಂದ ಐದಾರು ಸಲ ರಸ ಬರುತ್ತದೆ, ಪ್ರತಿ ಸಲವೂ ರುಚಿ ಬೇರೆ.

ಅಷ್ಟು ಪುರುಸೊತ್ತಿಲ್ಲದವರಿಗೆ ಸರಳ ದಾರಿಯಿದೆ. ಮುಚ್ಚಳವಿರುವ ಪಿಂಗಾಣಿ ಅಥವಾ ಗಾಜಿನ ಪಾತ್ರೆ ಸಾಕು. ಸ್ಟೀಲು ಆದೀತು, ಆದರೆ ಬೇಗ ಆರುತ್ತದೆ. ಮೊದಲು ಬಿಸಿನೀರಿನಿಂದ ಪಾತ್ರೆಯನ್ನು ತೊಳೆದು ಬಿಸಿ ಮಾಡಿಕೊಳ್ಳಬೇಕು. ದೊಡ್ಡ ಬಟ್ಟಲಿಗೆ, ಅಂದರೆ 150ರಿಂದ 200 ಮಿಲಿಲೀಟರ್ ನೀರಿಗೆ, 3 ಗ್ರಾಂ ಎಲೆ. ಇಡಿ ಎಲೆ ಹಗುರವಾದ್ದರಿಂದ ಎರಡು ಚಹಾ ಚಮಚೆಯಾದರೂ ಹಿಡಿದೀತು. ನೀರು ಕೊತಕೊತ ಕುದಿದ ಮೇಲೆ ಒಲೆಯಿಂದಿಳಿಸಿ ಒಂದು ನಿಮಿಷ ಬಿಟ್ಟು ಎಲೆಯ ಮೇಲೆ ಸುರಿಯಬೇಕು. ಆಗ ಶಾಖ 95 ಡಿಗ್ರಿಯ ಆಸುಪಾಸಿಗೆ ಇಳಿದಿರುತ್ತದೆ. ಮುಚ್ಚಿಟ್ಟು ಮೂರು ನಿಮಿಷಕ್ಕೆ ಪೂರ್ತಿ ಸೋಸಿಬಿಡಬೇಕು. ಎಲೆ ನೀರಿನಲ್ಲೇ ಉಳಿದರೆ ಎರಡನೆಯ ಬಟ್ಟಲು ಕಷಾಯವಾಗುತ್ತದೆ. ಅದೇ ಎಲೆಗೆ ಮತ್ತೊಮ್ಮೆ ನೀರು ಹಾಕಿ ನಾಲ್ಕೈದು ನಿಮಿಷ ಬಿಟ್ಟರೆ ಇನ್ನೊಂದು ಒಳ್ಳೆಯ ಬಟ್ಟಲು ಸಿಗುತ್ತದೆ.

ಕುತೂಹಲದ ಸಂಗತಿಯೆಂದರೆ, ಇದಕ್ಕೆ ಬಲು ಹತ್ತಿರದ ಕ್ರಮವನ್ನು ಚಹಾದ ವಿರೋಧಿಯಾಗಿದ್ದ ಗಾಂಧೀಜಿಯವರೇ ಬರೆದಿದ್ದಾರೆ. 1942ರಲ್ಲಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಸೆರೆಯಲ್ಲಿದ್ದಾಗ ಆರೋಗ್ಯದ ಬಗ್ಗೆ ಬರೆದ ಪುಸ್ತಕದಲ್ಲಿ ಅವರು, ಚೀನಾದಲ್ಲಿ ನೀರು ನಿಜವಾಗಿ ಕುದಿದಿದೆಯೇ ಎಂದು ಪರೀಕ್ಷಿಸಲು ಈ ಎಲೆ ಬಳಕೆಗೆ ಬಂತೆಂಬ ಮಾತನ್ನು ಹೇಳಿ, ಜಾಲರಿಯಲ್ಲಿಟ್ಟ ಎಲೆಯ ಮೇಲೆ ಕುದಿನೀರನ್ನು ಹಾಯಿಸಿದರೆ ಹುಲ್ಲಿನ ಬಣ್ಣದ, ನಿರಪಾಯವಾದ ಪಾನೀಯ ಸಿಗುತ್ತದೆ ಎನ್ನುತ್ತಾರೆ. ಅವರ ಆಕ್ಷೇಪ ಇದ್ದದ್ದು ಎಲೆಯನ್ನು ಕುದಿಸಿ ಟ್ಯಾನಿನ್ ಇಳಿಸುವ ನಮ್ಮ ಕ್ರಮಕ್ಕೆ.

ಮೂಗಿಗೆ ಮೊದಲ ಪಾಲು

ರುಚಿ ನೋಡುವುದನ್ನೇ ಕಸುಬಾಗಿ ಉಳ್ಳವರು ಬೇರೆ ಲೆಕ್ಕ ಇಟ್ಟುಕೊಂಡಿದ್ದಾರೆ. 1980ರ ಅಂತರರಾಷ್ಟ್ರೀಯ ಮಾನಕದ ಪ್ರಕಾರ 100 ಮಿಲಿಲೀಟರ್ ಕುದಿನೀರಿಗೆ 2 ಗ್ರಾಂ ಎಲೆ, ಕಾಯುವುದು 6 ನಿಮಿಷ. ಇದು ಸುಖಕ್ಕಾಗಿ ಕುಡಿಯುವ ಚಹಾ ಅಲ್ಲ. ಎಲೆಯ ದೋಷಗಳೆಲ್ಲ ಹೊರಬೀಳಲೆಂದು ಅದನ್ನು ಹಿಂಡುವ ಪರೀಕ್ಷೆ.

ಮನೆಯಲ್ಲಿ ನೋಡುವವರು ಮೊದಲು ಬಿಸಿ ಪಾತ್ರೆಗೆ ಒಣ ಎಲೆ ಹಾಕಿ ಮೂಸಬೇಕು, ಬಳಿಕ ನೆನೆದ ಎಲೆಯ ಮುಚ್ಚಳವನ್ನು. ಪರಿಮಳದ ಅರ್ಧ ಕಥೆ ಮುಚ್ಚಳದ ಹಬೆಯಲ್ಲೇ ಇರುತ್ತದೆ. ಬಣ್ಣ ನೋಡಲು ಒಳಗೆ ಬಿಳಿಯಾದ ಬಟ್ಟಲು ಬೇಕು: ಒಳ್ಳೆಯ ಎಲೆಯ ರಸ ತಿಳಿಯಾಗಿ, ಅಂಚಿನಲ್ಲಿ ಹೊನ್ನಿನ ಗೆರೆ ಕಾಣುತ್ತದೆ. ಕುಡಿಯುವಾಗ ಸದ್ದು ಮಾಡಿ ಹೀರುವುದು ಇಲ್ಲಿ ಅಸಭ್ಯವಲ್ಲ. ರಸ ಗಾಳಿಯೊಡನೆ ಬಾಯಿಯಿಡೀ ಚದುರಿ, ಗಂಟಲ ಹಿಂದಿನಿಂದ ಮೂಗಿಗೆ ಏರಿದಾಗಲೇ ಪರಿಮಳ ಪೂರ್ತಿ ತಿಳಿಯುವುದು. ಬಸಿಗೆ ಹುಯ್ದು ಸೊರ್ರೆಂದು ಹೀರುವ ಅಜ್ಜಂದಿರು ಈ ವಿದ್ಯೆಯನ್ನು ಯಾರಿಂದಲೂ ಕಲಿಯಬೇಕಿರಲಿಲ್ಲ.

ಕೊನೆಯ ಪರೀಕ್ಷೆ ನುಂಗಿದ ಮೇಲೆ. ನೆಲ್ಲಿಕಾಯಿ ತಿಂದು ನೀರು ಕುಡಿದರೆ ನೀರೇ ಸಿಹಿಯಾಗುತ್ತದಲ್ಲ? ಒಳ್ಳೆಯ ಚಹಾ ಕುಡಿದ ಸ್ವಲ್ಪ ಹೊತ್ತಿಗೆ ಗಂಟಲಿನಲ್ಲಿ ಅಂಥದೇ ಒಂದು ಸಿಹಿ ಮರಳುತ್ತದೆ. ಚೀನೀಯರು ಅದಕ್ಕೆ ‘ಮರಳುವ ಸಿಹಿ’ ಎಂದೇ ಹೆಸರಿಟ್ಟು ಎಲೆಯ ಬೆಲೆ ಕಟ್ಟುತ್ತಾರೆ. ಒಗರು ಅಲ್ಲಿಯೂ ಇರುತ್ತದೆ. ಬಂದು ನಿಲ್ಲದೆ ಕರಗಿ ಹೋಗುತ್ತದೆ, ಅಷ್ಟೇ.

ಕರಾವಳಿಯವರು ಇನ್ನೊಂದು ವಿಷಯದಲ್ಲಿ ಜಾಗ್ರತೆ ವಹಿಸಬೇಕು. ಚಹಾದ ಎಲೆ ತೇವವನ್ನೂ ವಾಸನೆಯನ್ನೂ ಬಲು ಬೇಗ ಎಳೆದುಕೊಳ್ಳುತ್ತದೆ. ಆಟಿ ತಿಂಗಳ ಮಳೆಯಲ್ಲಿ ಬಾಯಿ ತೆರೆದಿಟ್ಟ ಪೊಟ್ಟಣ, ಮಸಾಲೆ ಡಬ್ಬಿಯ ಅಥವಾ ಒಣಮೀನಿನ ಪಕ್ಕದಲ್ಲಿಟ್ಟ ಡಬ್ಬಿ ಎರಡೂ ಕೆಟ್ಟವೇ. ಬಿಗಿ ಮುಚ್ಚಳದ ತಗಡಿನ ಡಬ್ಬಿ, ಬೆಳಕು ಬೀಳದ ಜಾಗ ಒಳ್ಳೆಯದು.

ಊಟದ ಜೊತೆ ಬೇಡ

ಹಾಲಿದ್ದರೂ ಇಲ್ಲದಿದ್ದರೂ ಸಲ್ಲುವ ಮಾತೊಂದಿದೆ. ನಾಲಗೆಯ ಪ್ರೋಟೀನನ್ನು ಹಿಡಿಯುವ ಚಹಾದ ಅಂಶಗಳು ಹೊಟ್ಟೆಯಲ್ಲಿ ಸೊಪ್ಪು, ಕಾಳುಗಳ ಕಬ್ಬಿಣವನ್ನೂ ಹಿಡಿದು ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಹಾಲು ಹಾಕಿದ ಮಾತ್ರಕ್ಕೆ ಈ ಗುಣ ಹೋಗದು. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಚಹಾ, ಕಾಫಿ ಬೇಡವೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಸುಮಾರು ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇದೆ. ನೇಜಿ ನೆಡುವ ದಿನಗಳಲ್ಲಿ ತಿಂಡಿಯ ಜೊತೆಗೇ, ಕೆಲವೊಮ್ಮೆ ತಿಂಡಿಯ ಬದಲಿಗೇ, ಕಡು ಚಾ ಕುಡಿದು ಗದ್ದೆಗಿಳಿಯುವ ಹೆಂಗಸರಿಗೆ ಈ ಒಂದು ಗಂಟೆಯ ಅಂತರ ಸಣ್ಣ ವಿಷಯವಲ್ಲ.

ಚೀನಾದ ದುಬಾರಿ ಎಲೆ ಹಟ್ಟಿಯಂಗಡಿಯ ಎಲ್ಲ ಮನೆಗೂ ಬರಬೇಕೆಂದೇನಿಲ್ಲ. ಅಲ್ಲಿನ ಕ್ರಮ ಬಂದರೂ ಸಾಕು. ನೀಲಗಿರಿಯ ಅಥವಾ ಅಸ್ಸಾಮಿನ ಇಡಿ ಎಲೆಯ ಸಾಧಾರಣ ಚಹಾವಾದರೂ ಸರಿ. ಅಂಗಡಿಯ ಮಾಮೂಲಿ ಹುಡಿಯೇ ಆದರೂ ಅರ್ಧ ಚಮಚೆ ಹಾಕಿ, ಕುದಿಸದೆ, ಬಿಸಿನೀರು ಹುಯ್ದು ಒಂದೂವರೆ ನಿಮಿಷಕ್ಕೆ ಸೋಸಿದರೆ ಕಣ್ಣ ಚಾದ ಒಗರು ಬಹಳಷ್ಟು ಇಳಿಯುತ್ತದೆ. ಮುಂದಿನ ಸಲ ಹಾಲಿಲ್ಲದ ಹೊತ್ತಿನಲ್ಲಿ ನೆಂಟರು ಬಂದಾಗ ಬಾಗಿಲಿನಿಂದ ಬರುವ ದನಿಯಲ್ಲಿ ಅಳುಕು ಇರಬೇಕಾಗಿಲ್ಲ. “ಅಡ್ಡಿಲ್ಲೆ” ಎನ್ನುವವರೂ ಬರಿಯ ದಾಕ್ಷಿಣ್ಯಕ್ಕೆ ಹಾಗೆ ಹೇಳಬೇಕಾಗಿಲ್ಲ.